ಮೂಲೆಮನೆ ವೀಳ್ಯ

"ಮೂಲೆಮನೆ ವೀಳ್ಯಾ...!"

ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಊರಿನ ಯಜಮಾನರು ಕೊನೆಯ ಅಕ್ಷರವನ್ನು ಬಾವಿಗೆ ಹಗ್ಗ ಇಳಿಬಿಟ್ಟ ಹಾಗೆ ಎಳೆಯುತ್ತಿದ್ದರು. ಚಪ್ಪರದಲ್ಲಿ ಅಷ್ಟು ಹೊತ್ತು ಗಲಾಟೆ ಮಾಡುತ್ತಿದ್ದವರೆಲ್ಲ ಸುಮ್ಮನಾಗುತ್ತಿದ್ದರು. ಆಗ ಅಪ್ಪ ಗಂಟಲು ಸರಿಮಾಡಿಕೊಳ್ಳುವ ಸದ್ದು. ಹೆಗಲ ಮೇಲಿನ ಟವಲನ್ನು ಒಮ್ಮೆ ಕೊಡವುವ ಸದ್ದು. ಆಮೇಲೆ ನಮ್ಮಿಬ್ಬರನ್ನು ತೊಡೆಯಿಂದ ಇಳಿಸಿ, "ಅಲ್ಲಾಡ್ಬ್ಯಾಡಿ ಕಣ್ರವ್ವಾ" ಎಂದು ಹೇಳಿ, ಎದ್ದು ಹೋಗಿ, ಎರಡೂ ಕೈ ಚಾಚಿ ಎಲೆ ಅಡಿಕೆ ತೆಗೆದುಕೊಂಡು ಬರುತ್ತಿದ್ದರು. ತಂದದ್ದನ್ನು ನನ್ನ ತಂಗಿಯ ಪುಟ್ಟ ಕೈಯಲ್ಲಿಟ್ಟು "ಜ್ವಾಪಾನ" ಎನ್ನುತ್ತಿದ್ದರು. ಅವಳು ಊಟ ಮುಗಿಯುವವರೆಗೂ ಆ ಎಲೆಗಳನ್ನು ಹಿಡಿದುಕೊಂಡೇ ಇರುತ್ತಿದ್ದಳು. ಒಂದೇ ಕೈಯಲ್ಲಿ ಉಣ್ಣುತ್ತಿದ್ದಳು.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆಯ ಮದುವೆಗಳಲ್ಲಿ ಧಾರೆಯ ಹಿಂದಿನ ಸಂಜೆ ಕಂಬಳಿ ಹಾಸಿ, ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆ ಇಟ್ಟು, ಊರಿನ ಯಜಮಾನರು ಒಂದೊಂದೇ ಮನೆಯನ್ನು ಕೂಗಿ ಮರ್ಯಾದೆ ಮಾಡುತ್ತಾರೆ. ಮೊದಲು ದೇವರ ವೀಳ್ಯ. ಆಮೇಲೆ ಗುರುಮನೆಯದು, ನಾಡಿನದು, ಆಮೇಲೆ ಊರಿನ ಮನೆಗಳವು. ಯಾರ ಮನೆ ಆದಮೇಲೆ ಯಾರ ಮನೆ ಎಂಬುದು ಎಲ್ಲೂ ಬರೆದಿಲ್ಲ, ಆದರೆ ತಪ್ಪಿದರೆ ಉಣ್ಣದೆ ಎದ್ದುಹೋಗುತ್ತಾರೆ. ಪ್ರೊಟೊಕಾಲ್ ಎಂಬ ಮಾತನ್ನು ನಾನು ಆಮೇಲೆ ಕಾನ್ವೆಂಟಿನಲ್ಲಿ ಕಲಿತೆ. ವಸ್ತು ಏನೆಂದು ಗಾವಡಗೆರೆ ಪಕ್ಕದ ನಮ್ಮೂರಿನಲ್ಲೇ ನೋಡಿದ್ದೆ.

ಯಜಮಾನರ ಮನೆ ಆದಮೇಲೆ ನಮ್ಮದೇ, ಬೀದಿಯ ಮೂಲೆಯ ಮನೆ. ಅಪ್ಪನಿಗೆ ನಾವಿಬ್ಬರೇ ಹೆಣ್ಣುಮಕ್ಕಳು. "ಗಂಡು ದಿಕ್ಕಿಲ್ಲ, ಇನ್ನೊಂದು ಮದ್ವೆ ಆಗು" ಎಂದವರಿಗೆ ಅಪ್ಪ ಜಗಳವಾಡಲಿಲ್ಲ. ಆ ವರ್ಷ ಹೊಗೆಸೊಪ್ಪಿಗೆ ಒಳ್ಳೆಯ ಬೆಲೆ ಬಂದಿತ್ತು. ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿ ಮೈಸೂರಿಗೆ ಕರೆದುಕೊಂಡು ಹೋಗಿ ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿಬಿಟ್ಟರು. ಅದೇ ಅವರ ಉತ್ತರ. ಮದರ್ ಸುಪೀರಿಯರ್ ಮುಂದೆ ಕೈಮುಗಿದು ನಿಂತ ಅಪ್ಪನ ಅಂಗಿಯಿಂದ ಬರುತ್ತಿದ್ದ ಸೊಪ್ಪು ಬೇಯಿಸಿದ ವಾಸನೆಗೆ ಆ ಮಹಾತಾಯಿ ಕರ್ಚೀಫು ಮೂಗಿಗೆ ಹಿಡಿದರು. ನನ್ನ ತಂಗಿ ಅದನ್ನು ಜೀವಮಾನವಿಡೀ ಮರೆಯಲಿಲ್ಲ. ನಾನೂ ಮರೆತಿಲ್ಲ.

ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಫೈನ್. ನಾನು ಗುಡ್ ಗರ್ಲ್, ಬೇಗ ಇಂಗ್ಲಿಷಿಗೆ ತಿರುಗಿಬಿಟ್ಟೆ. ಇವಳು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಕೆಟ್ ಸದ್ದಿನ ಮರೆಯಲ್ಲಿ ಅಚ್ಚ ನಮ್ಮೂರ ಮಾತನ್ನೇ ಆಡುತ್ತಿದ್ದಳು. "ಅಕ್ಕ, ಈ ಸಿಸ್ಟರ್ರು ಅಂಗ್ಯಾಕೆ ನಡೀತಾರೆ, ಕಾಲಿಗೆ ಮುಳ್ಳು ಚುಚ್ಚದಂಗೆ?" ಎಂದು ಕೇಳುವಳು. ಅವಳ ಇಂಗ್ಲಿಷ್ ನನಗಿಂತ ಚೆನ್ನಾಗಿ ಬಂತು, ಅದೂ ನಿಜ.

ಬಿ.ಎ. ಆದಮೇಲೆ ಅವಳಿಗೆ ಕೆ.ಆರ್. ನಗರದ ಕಡೆಯ ಡಾಕ್ಟರೊಬ್ಬರ ಜತೆ ಮದುವೆಯಾಯಿತು. ಅವರು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿದ್ದರು. ಅಪ್ಪ ಧಾರೆ ಎರೆದು ಕೊಟ್ಟರು, ಅವಳು ಹೋದಳು. ನಾನು ಮದುವೆಯಾಗಲಿಲ್ಲ. ಯಾಕೆ ಎಂದು ಊರೆಲ್ಲ ಕೇಳಿ ಸಾಕಾಗಿದೆ, ಓದುವವರೂ ದಯವಿಟ್ಟು ಬಿಟ್ಟುಬಿಡಿ. ಹುಣಸೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಬೆಳಗಿನ ಬಸ್ಸಿಗೆ ಹೋಗುತ್ತಿದ್ದೆ, ಸಂಜೆ ಬಂದು ಬ್ಯಾರನ್ ನೋಡಿಕೊಳ್ಳುತ್ತಿದ್ದೆ. ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ. ಅಂತರಸಂತೆ ಕಡೆಯಿಂದ ಬಂದ ಸೌದೆಯನ್ನು ಹದವಾಗಿ ಉರಿಸುತ್ತಿರಬೇಕು. ಬೆಂಕಿ ಹೆಚ್ಚಾದರೆ ಸೊಪ್ಪು ಕಪ್ಪಾಗುತ್ತದೆ, ಕಡಿಮೆಯಾದರೆ ಹಸಿರು ಉಳಿಯುತ್ತದೆ. ಅಪ್ಪನಿಗೆ ವಯಸ್ಸಾದ ಮೇಲೆ ಆ ಕೆಲಸವೂ ನನ್ನದೇ ಆಯಿತು. ಎಕ್ಸಾಮ್ ಪೇಪರುಗಳನ್ನು ನಾನು ತಿದ್ದಿದ್ದು ಬ್ಯಾರನ್ ಬಾಗಿಲಲ್ಲಿ ಕೂತು.

ಅಲ್ಲಿ ಇವಳು ಏನು ಮಾಡಿದಳು ಅಂತೀರಿ? ಸುಂಕದ ಇಲಾಖೆಗೆ ಗುಮಾಸ್ತೆಯಾಗಿ ಸೇರಿದಳು. ಬಂದರಿನಲ್ಲಿ ಇಳಿದವರ ಪೆಟ್ಟಿಗೆ ಬಿಚ್ಚಿಸಿ ನೋಡುವ ಕೌಂಟರು. ಅಲ್ಲಿಗೆ ಬಂದ ನಮ್ಮ ಜನರ ಪೆಟ್ಟಿಗೆಗಳಿಂದ ಉಪ್ಪಿನಕಾಯಿ, ಹಸಿ ಕರಿಬೇವು, ವೀಳ್ಯದೆಲೆ ಎಲ್ಲ ಹೊರಗೆ ಬರುತ್ತಿದ್ದವಂತೆ. ಎಲೆ ಕಂಡರೆ ಕಸದ ಡಬ್ಬಕ್ಕೆ. "ಬಿಸಾಕಾಕೆ ಮನ್ಸು ಬರಾಕಿಲ್ಲ ಅಕ್ಕ. ಆದ್ರೆ ರೂಲ್ಸು ರೂಲ್ಸೇ" ಎಂದು ಒಮ್ಮೆ ಟ್ರಂಕ್ ಕಾಲ್ ಮಾಡಿದಾಗ ಹೇಳಿದಳು. ಆ ದುಬಾರಿ ಮೂರು ನಿಮಿಷಗಳನ್ನು ಅವಳು ಇಂಥದ್ದಕ್ಕೇ ಕಳೆಯುತ್ತಿದ್ದಳು.

ಅಲ್ಲಿಂದ ಪರೀಕ್ಷೆ ಮೇಲೆ ಪರೀಕ್ಷೆ. ಲಂಡನ್ನಿನ ಹೆಡ್ ಆಫೀಸು, ಮಿನಿಸ್ಟರ ಪ್ರೈವೇಟ್ ಸೆಕ್ರೆಟರಿ, ಅಂಡರ್ ಸೆಕ್ರೆಟರಿ, ಕೊನೆಗೆ ಡೈರೆಕ್ಟರ್ ಜನರಲ್. ಪ್ರತಿ ಮೆಟ್ಟಿಲಲ್ಲೂ ಅವಳಿಗೆ ಟೀ ತರಲು ಹೇಳಿದವನೊಬ್ಬ ಇದ್ದನಂತೆ. "ತಂದ್ಕೊಟ್ಟೆ ಬುಡು. ಸಕ್ಕರೆ ಮಾತ್ರ ಹಾಕ್ತಿರ್ಲಿಲ್ಲ" ಎನ್ನುವಳು. ಮಿನಿಸ್ಟರುಗಳು ಬಂದರು, ಹೋದರು. ಒಬ್ಬಾತ, ಇವಳು ಬರೆದ ಅಭಿಪ್ರಾಯ ತನಗೆ ಹಿಡಿಸಲಿಲ್ಲವೆಂದು ಬದಲಾಯಿಸಿ ಕೊಡಲು ಹೇಳಿದನಂತೆ. ಇವಳು, "ನೀವು ಇದನ್ನು ಬೇಡ ಅನ್ನಬಹುದು ಮಿನಿಸ್ಟರ್, ಅದು ನಿಮ್ಮ ಅಧಿಕಾರ. ನಾನು ಬರೆದದ್ದನ್ನು ಬರೆದಿಲ್ಲ ಅನ್ನೋದು ನಿಮ್ಮ ಅಧಿಕಾರದಲ್ಲಿಲ್ಲ" ಎಂದಳಂತೆ. ಆರು ತಿಂಗಳು ಅವಳನ್ನು ಯಾವ ಮೀಟಿಂಗಿಗೂ ಕರೆಯಲಿಲ್ಲ. ಆಮೇಲೆ ಆತ ಹೋದ, ಇವಳು ಇದ್ದಳು.

ಹೊಗೆಸೊಪ್ಪಿನ ಮೇಲೆ ಸುಂಕ ಎಷ್ಟಿರಬೇಕು ಎಂಬ ಕಡತ ಕೂಡ ಕೆಲವು ವರ್ಷ ಅವಳ ಮೇಜಿನ ಮೇಲೇ ಇತ್ತು. ಅಪ್ಪ ಪಿರಿಯಾಪಟ್ಟಣದ ಹರಾಜಿನ ಕಟ್ಟೆಯಲ್ಲಿ ಸೊಪ್ಪಿನ ಬೇಲು ಇಟ್ಟುಕೊಂಡು ಕೂತಿದ್ದಾಗ, ಮಗಳು ಇಂಗ್ಲೆಂಡಿನಲ್ಲಿ ಅದೇ ಎಲೆಗೆ ತೆರಿಗೆ ಹೆಚ್ಚಿಸುತ್ತಿದ್ದಳು. ಹೇಳಿದೆ. ಅಪ್ಪ ಮೀಸೆಯೊಳಗೇ ನಕ್ಕು, "ಆಕ್ಲಿ ಬುಡು, ಅವ್ಳ ಕೆಲ್ಸ ಅವ್ಳು ಮಾಡ್ಲಿ" ಎಂದರು.

ಅವಳ ಕೆಲಸದ ಗುಟ್ಟು ಏನೆಂದು ನಾನೊಮ್ಮೆ ಕೇಳಿದ್ದೆ. ಟೀಚರ್ ಅಲ್ಲವೇ ನಾನು, ಹೀಗೆಲ್ಲ ಕೇಳುವ ಚಟ. ಅವಳು ಹೇಳಿದ್ದು ಇಷ್ಟೇ: "ಯಾವುದೇ ರೂಲು ಕೈಗೆ ಬಂದ್ರೂ ಎಲ್ರೂ ಅದು ಯಾರನ್ನ ಹಿಡಿಯುತ್ತೆ ಅಂತ ಓದ್ತಾರೆ. ನಾನು ಯಾರನ್ನ ಬಿಟ್ಟುಬಿಡುತ್ತೆ ಅಂತ ಓದ್ತೀನಿ."

ಅಪ್ಪ ತೀರಿಕೊಂಡರು. ತಿಥಿ ಮುಗಿದ ಮೇಲೆ ಬಂದ ಮೊದಲ ಮದುವೆಯಲ್ಲಿ ಯಜಮಾನರು ತಮ್ಮ ಮನೆಯದಾದ ಮೇಲೆ ಒಂದು ಕ್ಷಣ ತಡವರಿಸಿ, ಮುಂದಿನ ಮನೆಯನ್ನು ಕೂಗಿಬಿಟ್ಟರು. ಮೂಲೆಮನೆ ಇಲ್ಲವೇ ಇಲ್ಲವೆಂಬಂತೆ. ಹೆಂಗಸರ ಕಡೆ ಕೂತಿದ್ದ ನಾನು ಎದ್ದು ಕೇಳಿದೆ. "ಗಂಡಸ್ರು ಯಾರವ್ರವ್ವಾ ನಿಮ್ಮನೇಲಿ, ಕೈ ಒಡ್ಡಾಕೆ?" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಲೆಕ್ಕ ಹೇಳುವ ಹಾಗೆ ಹೇಳಿದರು. ಅದರ ಮುಂದಿನ ಮದುವೆಯಲ್ಲಿ ಮೂಲೆಮನೆಯನ್ನು ಕೂಗಿದರು, ಎದ್ದು ಹೋಗಿ ತೆಗೆದುಕೊಂಡವನು ನನ್ನ ಚಿಕ್ಕಪ್ಪನ ಮಗ. ತಮ್ಮನಾಗಬೇಕು ನನಗೆ. ತನ್ನ ಮನೆಯದನ್ನು ಒಂದು ಕೈಯಲ್ಲಿ, ನಮ್ಮದನ್ನು ಇನ್ನೊಂದು ಕೈಯಲ್ಲಿ. "ಯಾರಾದ್ರೂ ತಕಬೇಕಲ್ಲಕ್ಕ, ಮನೆ ಹೆಸ್ರು ಬೀಳಬಾರ್ದು ಅಂತ" ಎಂದ. ಅವನ ಕಣ್ಣಿನಲ್ಲಿ ಕಪಟವಿರಲಿಲ್ಲ, ಒಪ್ಪುತ್ತೇನೆ. ಆದರೂ ನಾನು ಎಲೆ ಮುಂದೆ ಕೂರದೆ ಮನೆಗೆ ನಡೆದೆ.

ಅವತ್ತಿನಿಂದ ಊರಿನ ಎಲ್ಲ ಮದುವೆಗೂ ಹೋಗುತ್ತಿದ್ದೆ. ಸೀರೆ ಉಟ್ಟು, ಮುಯ್ಯಿ ಓದಿಸಿ, ಹೆಣ್ಣುಗಂಡನ್ನು ಹರಸಿ, ವೀಳ್ಯ ಕೂಗುವಾಗ ಎದ್ದು ನಿಲ್ಲುತ್ತಿದ್ದೆ. ನಮ್ಮ ಮನೆಯದನ್ನು ತಮ್ಮ ತೆಗೆದುಕೊಂಡ ಕೂಡಲೇ ಉಣ್ಣದೆ ಹೊರಟುಬಿಡುತ್ತಿದ್ದೆ. ಮದುವೆಮನೆಯಲ್ಲಿ ಉಣ್ಣದೆ ಹೋಗುವುದು ಶಾಪಕ್ಕಿಂತ ಕಡಿಮೆಯಲ್ಲ ನಮ್ಮಲ್ಲಿ. ಮೊದಮೊದಲು ಬೇಡಿಕೊಂಡರು, ಆಮೇಲೆ ರೇಗಿದರು, ಆಮೇಲೆ ತಮಾಷೆಯಾಯಿತು. "ಮೇಷ್ಟ್ರಮ್ಮಂಗೆ ಎಲೆ ಕಮ್ಮಿ ಹಾಕ್ರಪ್ಪಾ, ಅವ್ರು ಉಣ್ಣಾಕಿಲ್ಲ" ಎಂದು ಅಡುಗೆಯವರೇ ಹೇಳುತ್ತಿದ್ದರು. ಹೇಳಲಿ. ಸ್ಟಬರ್ನ್ ಅಂತ ನನ್ನ ಕಾಂಡಕ್ಟ್ ರಿಪೋರ್ಟಿನಲ್ಲಿ ನನ್‌ಗಳೇ ಬರೆದಿದ್ದರು, ಇವರೇನು ಹೊಸದಾಗಿ ಕಂಡುಹಿಡಿದದ್ದಲ್ಲ.

ತಂಗಿಗೆ ಅಲ್ಲಿನ ಸರ್ಕಾರ ಬಿರುದು ಕೊಟ್ಟಿದ್ದು ಅವಳು ರಿಟೈರಾಗುವ ಹೊತ್ತಿಗೆ. ಕಂಪ್ಯಾನಿಯನ್ ಆಫ್ ದಿ ಬಾತ್. ಮೊದಲು ಗುಟ್ಟಾಗಿ, ಕೊಟ್ಟರೆ ತೆಗೆದುಕೊಳ್ಳುತ್ತೀರಾ ಎಂದು ಕೇಳುತ್ತಾರಂತೆ. ಹೂಂ ಎಂದ ಮೇಲೂ ಪೇಪರಿನಲ್ಲಿ ಬರುವವರೆಗೆ ಯಾರಿಗೂ ಹೇಳುವ ಹಾಗಿಲ್ಲ. ನನಗೂ ಹೇಳಲಿಲ್ಲ ಮಹಾರಾಯ್ತಿ! ಆ ವಾರಗಳಲ್ಲಿ ಫೋನ್ ಮಾಡಿದಾಗಲೆಲ್ಲ ಮಳೆ, ಬ್ಯಾರನ್, ನನ್ನ ಮಂಡಿನೋವು ಎಲ್ಲ ವಿಚಾರಿಸಿದಳು, ಇದನ್ನು ಮಾತ್ರ ಬಾಯಿ ಬಿಡಲಿಲ್ಲ. ನಾನು ಸಿಟ್ಟಾದರೆ, "ಅಕ್ಕ, ಗುಟ್ಟು ಅಂದ್ರೆ ಅಕ್ಕಂಗೂ ಗುಟ್ಟೇ" ಎಂದಳು.

ಊರಿನಲ್ಲಿ ಸುದ್ದಿ ಹರಡಿತು. ಬಾತ್ ಎಂದರೆ ಸ್ನಾನ ಎಂದು ಯಾವನೋ ಕಾಲೇಜು ಹುಡುಗ ಹೇಳಿಬಿಟ್ಟ. ಹಾಲಿನ ಡೈರಿ ಮುಂದೆ ಸಾಲಾಗಿ ನಿಂತವರಿಗೆಲ್ಲ ಅದೇ ಮಾತು.

"ಏನ್ರವ್ವಾ, ನಿಮ್ ತಂಗಿಗೆ ಸ್ನಾನದ ಬಿರುದು ಕೊಟ್ರಂತೆ?"

"ನಾವೂ ದಿನಾ ಮಾಡ್ತೀವಿ ಕಣ್ಲಾ, ನಮ್ಗೆ ಒಬ್ರೂ ಒಂದು ಟವಲ್ಲೂ ಕೊಡಾಕಿಲ್ವಲ್ಲ!"

"ನೀನು ದಿನಾ ಮಾಡ್ತೀಯಾ? ಸುಳ್ಳು ಬೊಗಳ್ಬ್ಯಾಡ, ಎಮ್ಮೆ ನಗ್ತದೆ."

ಹಿಂದಿನ ಕಾಲದಲ್ಲಿ ಬಿರುದು ಪಡೆಯುವವರು ಮೊದಲು ಸ್ನಾನ ಮಾಡಿ ಶುದ್ಧವಾಗುತ್ತಿದ್ದರು, ಅದಕ್ಕೇ ಆ ಹೆಸರು ಎಂದು ವಿವರಿಸಿದೆ. "ಅಂಗಾದ್ರೆ ನಮ್ಮಂಗೇ ಬುಡಿ. ಮಡಿ" ಎಂದರು. ಅಲ್ಲಿಗೆ ವಿಷಯ ಮುಗಿಯಿತು.

ಬಿರುದು ಕೊಡುವ ದಿನ ಲಂಡನ್ನಿನ ಅರಮನೆಗೆ ನನ್ನನ್ನೂ ಕರೆದಿದ್ದಳು. ಸೊಪ್ಪು ಬೇಯಿಸುವ ಕಾಲ, ಬ್ಯಾರನ್ ಬಿಟ್ಟು ಹೋಗುವುದೆಲ್ಲಿ? ಮೈಸೂರು ಸಿಲ್ಕ್ ಸೀರೆ ಉಟ್ಟುಕೊಂಡು ಹೋದಳು. ಪದಕದ ಪಿನ್ನು ಚುಚ್ಚಿ ಸೀರೆಗೆ ತೂತು ಬೀಳುತ್ತದಲ್ಲ ಎಂದು ನನಗೆ ಇಲ್ಲಿ ಕೂತು ಸಂಕಟ. ಹಾಗೇನಿಲ್ಲ, ಮೊದಲೇ ಒಂದು ಕೊಂಡಿ ಸಿಕ್ಕಿಸಿರುತ್ತಾರೆ, ಅದಕ್ಕೆ ಪದಕವನ್ನು ತಗುಲಿಹಾಕುತ್ತಾರೆ ಅಷ್ಟೇ ಎಂದಳು. ಕಡುಗೆಂಪು ರಿಬ್ಬನ್ನಿನ ಬೋ, ಅದರ ಕೆಳಗೆ ಚಿನ್ನದ ಬಣ್ಣದ ಪದಕ. ಆ ರಾತ್ರಿ ಫೋನಿನಲ್ಲಿ ಅವಳ ದನಿ ಬೇರೆಯೇ ಇತ್ತು.

"ಅಕ್ಕ, ಅರಮನೇಲಿ ದೊಡ್ಡ ಹಾಲ್. ಸಾಲಾಗಿ ನಿಂತಿದ್ವಿ. ಒಬ್ರು ಒಂದೊಂದೇ ಹೆಸ್ರು ಕೂಗ್ತಾರೆ. ಕೂಗಿದೋರು ಮುಂದೆ ಹೋಗ್ಬೇಕು, ತಲೆ ಬಗ್ಗಿಸ್ಬೇಕು, ತಕಬೇಕು, ಬೆನ್ನು ತೋರಿಸ್ದೆ ಹಿಂದಕ್ಕೆ ಬರ್ಬೇಕು. ಯಾರಾದ್ಮೇಲೆ ಯಾರು ಅಂತ ಎಲ್ಲಾ ಲೆಕ್ಕ. ನಿಂತ್ಕಂಡು ನೋಡ್ತಾ ನೋಡ್ತಾ ನಂಗೆ ನಗು ಬಂದ್ಬುಡ್ತು. ಇದು ನಮ್ ವೀಳ್ಯ ಕಣಕ್ಕ! ಇಷ್ಟೇಯಾ ಇದು!"

ಆಮೇಲೆ ನಗು ನಿಲ್ಲಿಸಿ, "ಅಪ್ಪನ್ ಮನೇದು ಈಗ್ಲೂ ಅವ್ನೇ ತಕತಾನಾ?" ಎಂದು ಕೇಳಿದಳು.

"ಹೂಂ, ತಮ್ಮನೇ."

"ಬತ್ತೀನಿ ಇರು."

ಬರಲು ವರ್ಷಗಳೇ ಹಿಡಿದವು. ಅವಳ ಗಂಡನ ಕಾಯಿಲೆ, ಆತನ ಸಾವು, ಆಮೇಲೆ ಕೊರೋನಾ. ಅದೆಲ್ಲ ಮುಗಿದ ಮೇಲೆ ತಮ್ಮನ ಮೊಮ್ಮಗಳ ಮದುವೆ ಹುಣಸೂರಿನ ಛತ್ರದಲ್ಲಿ ಗೊತ್ತಾಯಿತು. ತಂಗಿ ಬರುತ್ತಾಳೆಂದು ತಿಳಿದ ಕೂಡಲೇ ತಮ್ಮನಿಗೆ ಒಂದು ಉಪಾಯ ಹೊಳೆಯಿತು. ವೀಳ್ಯದ ದಿನವೇ ಅವಳಿಗೆ ಸನ್ಮಾನ! ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಛತ್ರದ ಗೇಟಿಗೆ ಫ್ಲೆಕ್ಸು ಕಟ್ಟಿಸಿದ. ರಿಬ್ಬನ್ನು ತೊಟ್ಟ ಅವಳ ಫೋಟೋ, ಕೆಳಗೆ "ಇಂಗ್ಲೆಂಡಿನಲ್ಲಿ ಜಿಲ್ಲಾಧಿಕಾರಿಗಳಾಗಿದ್ದ ಊರಿನ ಹೆಮ್ಮೆಯ ಪುತ್ರಿ". ಡೈರೆಕ್ಟರ್ ಜನರಲ್ ಎಂದರೆ ಯಾರಿಗೆ ಗೊತ್ತಾಗುತ್ತದೆ, ಡಿ.ಸಿ. ಅಂದರೆ ಎಲ್ಲರಿಗೂ ಗೊತ್ತು ಎಂಬುದು ಅವನ ವಾದ. ಅಷ್ಟು ದೊಡ್ಡ ಮರ್ಯಾದೆ ಸಿಕ್ಕಿದ ಮೇಲೆ ಎರಡು ಎಲೆ ಅಡಿಕೆಗೆ ಯಾರು ಜಗಳ ತೆಗೆಯುತ್ತಾರೆ? ಅದು ಅವನ ಲೆಕ್ಕ. ಇನ್ನೂ ಒಂದು ಮಾತು ನಮ್ಮ ಕಿವಿಗೆ ಬಿತ್ತು. ಈ ಮದುವೆಯಲ್ಲಿ ಮೂಲೆಮನೆ ವೀಳ್ಯವನ್ನು ಅವನ ಮನೆಯದರ ಜತೆ ಶಾಶ್ವತವಾಗಿ ಸೇರಿಸಿ, ಇನ್ನು ಮುಂದೆ ಒಂದೇ ಹೆಸರು ಕೂಗುವುದೆಂದು ಹಿರಿಯರು ಮಾತಾಡಿಕೊಂಡಿದ್ದರು. ಆಗಿಬಿಟ್ಟರೆ ಅಪ್ಪನ ಮನೆ ಊರಿನ ಬಾಯಿಂದಲೇ ಹೋದಂತೆ.

"ಸನ್ಮಾನ ಬೇಡ ಅಂತ ಹೇಳಿಬಿಡು. ವಾಕ್ ಔಟ್ ಮಾಡೋಣ ಇಬ್ಬರೂ" ಎಂದೆ ನಾನು.

"ನೀನು ಇಷ್ಟು ವರ್ಷ ವಾಕ್ ಔಟ್ ಮಾಡಿ ಏನಾಯ್ತು? ಅವರ ಅಡುಗೆ ಉಳೀತು" ಎಂದಳು ತಂಗಿ. "ನಾನು ಎಲ್ಲೂ ಎದ್ದೋಗಾಕಿಲ್ಲ. ಕುಂತ್ಕತೀನಿ."

ಛತ್ರದ ಸ್ಟೇಜಿನ ಮೇಲೆ, ಮದುಮಕ್ಕಳಿಗೆಂದು ತರಿಸಿದ್ದ ಸಿಂಹಾಸನದಂಥ ಕುರ್ಚಿಯಲ್ಲಿ ಕೂರಿಸಿ ಅವಳಿಗೆ ಸನ್ಮಾನ ಮಾಡಿದರು. ಪೇಟ ಅವಳ ಬಿಳಿ ಕೂದಲ ಮೇಲೆ ನಿಲ್ಲದೆ ಕಿವಿಗೆ ಜಾರಿತು. ಮೈಕಿನಲ್ಲಿ ಅವಳು, "ನಿಮ್ಮ ಪ್ರೀತಿ ದೊಡ್ಡದು. ಕೆಳಗಡೆ ನಂದೊಂದು ಚೂರು ಕೆಲ್ಸ ಅದೆ" ಎಂದಷ್ಟೇ ಹೇಳಿ ಇಳಿದುಬಿಟ್ಟಳು. ಜನ ಚಪ್ಪಾಳೆ ತಟ್ಟುತ್ತಿದ್ದ ಹಾಗೆಯೇ ಪೇಟ ತೆಗೆದು ಕುರ್ಚಿಯ ಮೇಲಿಟ್ಟು, ಶಾಲು ಮಡಿಸಿ ಅದರ ಪಕ್ಕ ಇಟ್ಟು, ಹೆಂಗಸರ ಸಾಲಿನಲ್ಲಿದ್ದ ನನ್ನ ಕೈ ಹಿಡಿದು ಎಬ್ಬಿಸಿದಳು. ಛತ್ರದ ಆ ಕೊನೆಯಲ್ಲಿ ಕಂಬಳಿ ಹಾಸಿತ್ತು. ಗಂಡಸರೆಲ್ಲ ಕೂತಿದ್ದರು. ಸೀದಾ ಹೋಗಿ, ಅಪ್ಪ ಕೂರುತ್ತಿದ್ದ ಜಾಗ, ಅಂದರೆ ಯಜಮಾನರ ಎಡಗಡೆ, ನನ್ನನ್ನು ಕೂರಿಸಿ ತಾನೂ ಕೂತಳು. ನನ್ನ ಮಂಡಿ ಕಟಕಟ ಎಂದದ್ದು ಎಲ್ಲರಿಗೂ ಕೇಳಿಸಿತು.

"ಎಂಗಸ್ರು ಕಂಬಳಿ ಮ್ಯಾಲೆ ಕುಂತಿದ್ದು ಯಾವ ಕಾಲ್ದಲ್ಲಿ?" ಎಂದು ಹಿಂದಿನಿಂದ ಯಾರೋ ಅಂದರು.

"ನಾವು ಕುಂತಿದ್ವಿ ಕಣಣ್ಣ" ಎಂದಳು ತಂಗಿ ತಿರುಗದೆಯೇ. "ಅಪ್ಪನ್ ತೊಡೆ ಮ್ಯಾಲೆ. ಮಾವ, ನೀವೇ ನೋಡಿದ್ರಿ. ಆಗ ನಿಮ್ಗೆ ಮೀಸೆ ಬಂದಿರ್ಲಿಲ್ಲ."

ಅವಳು ಮಾವ ಎಂದದ್ದು ಈಗಿನ ಯಜಮಾನರಿಗೆ, ಹಳೆಯ ಯಜಮಾನರ ಮಗ, ಎಂಬತ್ತು ದಾಟಿದವರು. ಅವರು ನಗಲಿಲ್ಲ. ನಗದಿರಲು ಕಷ್ಟಪಟ್ಟರು ಎಂದು ನನಗನ್ನಿಸಿತು. ಅವಳ ಮಾತಿನ ಧಾಟಿ ಕೇಳಿ ಮುದುಕರೆಲ್ಲ ತಲೆಯೆತ್ತಿದ್ದರು. ಊರಿನಲ್ಲೇ ಉಳಿದವರ ಬಾಯಲ್ಲಿ ಟೀವಿಯ ಕನ್ನಡ ಬಂದು ಸೇರಿತ್ತು. ಇವಳದು ಬಟ್ಟೆಯೊಗೆಯುವ ಕಲ್ಲಿನ ಹತ್ತಿರದ್ದೇ, ಹಾಗೇ ಇತ್ತು.

ತಮ್ಮ ಓಡಿ ಬಂದ. "ಅಕ್ಕಾ, ಇಷ್ಟ್ ದೊಡ್ಡ ಸನ್ಮಾನ ಮಾಡಿವ್ನಿ. ಊರೋರ ಮುಂದೆ ನನ್ ಮಾನ ಕಳೀಬ್ಯಾಡ ಕಣಕ್ಕ."

"ನಿನ್ ಮಾನಕ್ಕೆ ನಾನ್ಯಾಕಪ್ಪ ಕೈ ಹಾಕ್ಲಿ. ನಿನ್ ಮನೇದು ನೀನ್ ತಕೋ. ಮಾವ, ಒಂದ್ ಮಾತು ಕೇಳ್ಲಾ?"

"ಕೇಳವ್ವಾ." ಯಜಮಾನರ ದನಿ ಹುಷಾರಾಗಿತ್ತು.

"ಎಣ್ಣುಮಕ್ಳಿಗೆ ಮನೆ ವೀಳ್ಯ ಯಾಕಿಲ್ಲ?"

"ಕೊಟ್ಟ ಎಣ್ಣು ಕುಲಕ್ಕೆ ಒರಗೆ ಅಲ್ವಾ ಮಗ. ಇನ್ನೊಂದು ಮನೆ ದೀಪ ಹಚ್ಚಾಕೆ ಹೋದೋಳು. ಇದು ನಾನ್ ಮಾಡಿದ್ದಲ್ಲ, ಹಿರಿಯೋರು ಮಾಡಿದ್ದು."

"ಸರಿ. ಕೊಟ್ಟಿದ್ದು ಅಂದ್ರೆ ಎಂಗೆ? ಬಾಯಿ ಮಾತ್ನಲ್ಲಾ?"

"ಎಂಗವ್ವಾ ಅದು! ಧಾರೆ ಎರೀಬೇಕು. ನೀರು ಬುಟ್ಟಾದ್ಮ್ಯಾಲೆ ಕೊಟ್ಟಂಗೆ."

"ನಂಗೆ ಎರೆದ್ರು" ಎಂದಳು ತಂಗಿ. "ನಾನು ಕೆ.ಆರ್. ನಗರದ ಮನೆಯೋಳಾದೆ. ನಿಮ್ ರೂಲು ನನ್ನ ಹಿಡೀತದೆ, ಒಪ್ಕಂಡೆ. ನಂಗೆ ವೀಳ್ಯ ಬ್ಯಾಡ, ನಾನು ಕೇಳಾಕೂ ಬಂದಿಲ್ಲ."

ನಾನು ಅವಳ ಮುಖ ನೋಡಿದೆ. ಇಷ್ಟು ವರ್ಷ, ಅರಮನೆಯಲ್ಲಿ ಪದಕ ತೊಟ್ಟವಳು ಅಪ್ಪನ ಎಲೆಗೂ ಕೈ ಒಡ್ಡಲು ಬರುತ್ತಿದ್ದಾಳೆಂದೇ ನಾನು ತಿಳಿದಿದ್ದೆ. ಅವಳು ನನ್ನ ಮೊಣಕೈ ಹಿಡಿದು ಸ್ವಲ್ಪ ಮುಂದಕ್ಕೆ ತಳ್ಳಿದಳು, ಪ್ರೈಜ್ ಡೇ ದಿನ ಸಿಸ್ಟರ್‌ಗಳು ತಳ್ಳುತ್ತಿದ್ದ ಹಾಗೆ.

"ನಮ್ಮಕ್ಕಂಗೆ ಯಾರು ಧಾರೆ ಎರೆದ್ರು ಮಾವ?"

ಉತ್ತರ ಬಂದದ್ದು ಹೆಂಗಸರ ಕಡೆಯಿಂದ. "ಯಾರೂ ಎರೀಲಿಲ್ಲ! ಬಂದ ಗಂಡುಗಳ್ನೆಲ್ಲಾ ಓಡಿಸಿದ್ಲಲ್ಲ ಅವ್ಳು!" ಯಾವುದೋ ಮುದುಕಿ. ಇಡೀ ಛತ್ರ ನಕ್ಕಿತು. ನಾನೂ ನಕ್ಕೆ. ನಲವತ್ತು ಐವತ್ತು ವರ್ಷ ಅದೇ ಮಾತನ್ನು ನನ್ನ ಬೆನ್ನ ಹಿಂದೆ ಆಡಿ ನಕ್ಕವರು ಇವರು. ಪಾಪ ಎಂದರು, ಜಂಬ ಎಂದರು, ಓದಿ ಕೆಟ್ಟಳು ಎಂದರು. ಅವತ್ತು ಮಾತ್ರ ಆ ನಗೆ ನನ್ನ ಕಡೆಯ ಸಾಕ್ಷಿಯಾಗಿ ಬಂದು ನಿಂತಿತು.

"ಅಂಗಾದ್ರೆ ಧಾರೆ ಎರೀದೆ ಇರೋ ಮಗ್ಳು ಯಾವ ಮನೆಯೋಳು?"

ಹಿತ್ತಾಳೆ ತಟ್ಟೆಯ ಅಂಚಿನ ಮೇಲೆ ಯಜಮಾನರ ಬೆರಳು ಆಡುತ್ತಿತ್ತು. ಪಕ್ಕದ ಹಿರಿಯರ ಕಡೆ ನೋಡಿದರು. ಒಬ್ಬರು ಸೂರು ನೋಡಿದರು, ಇನ್ನೊಬ್ಬರು ತಮ್ಮ ಮೊಬೈಲು ನೋಡಿದರು.

"ಹುಟ್ಟಿದ ಮನೆಯೋಳು" ಎಂದರು ಕೊನೆಗೆ.

"ಅಷ್ಟೇ ನಾನು ಕೇಳಿದ್ದು."

"ಆದ್ರೂ ಎಂಗಸ್ರ ಕೈಗೆ..." ಎಂದು ಯಾರೋ ಶುರುಮಾಡಿದರು. ಆಗ ನಾನೇ ಮಾತಾಡಿದೆ. ಅಷ್ಟು ಹೊತ್ತಿನಲ್ಲಿ ನಾನಾಡಿದ ಮೊದಲ ಮಾತು. ಇಂಗ್ಲಿಷ್ ಟೀಚರಿನ ದನಿ ತಾನಾಗಿಯೇ ಬಂತು. "ಎಕ್ಸ್‌ಕ್ಯೂಸ್ ಮಿ. ಈ ಕೈ ಮೂಲೆಮನೆಯ ಹೊಲ ನೋಡಿದೆ, ಬ್ಯಾರನ್ನಿಗೆ ಸೌದೆ ಹಾಕಿದೆ, ಆ ಮನೆಯ ಯಜಮಾನನಾಗಿದ್ದ ಮುದುಕನ ಮೈ ತೊಳೆದಿದೆ. ಈ ಕೈಯಲ್ಲಿ ನಿಮ್ಮ ಮಕ್ಕಳಿಗೆ ಏಟೂ ಕೊಟ್ಟಿದ್ದೇನೆ. ಆಗ ಯಾರೂ ಇದು ಹೆಂಗಸಿನ ಕೈ ಅನ್ನಲಿಲ್ಲ. ಈಗ ಅನ್ನಬೇಡಿ."

ಮಾತು ಶುರುಮಾಡಿದಾತ ನನ್ನ ಹಳೆಯ ವಿದ್ಯಾರ್ಥಿ. "ಇಲ್ಲ ಮಿಸ್" ಎಂದು ಕೂತುಬಿಟ್ಟ.

ಯಜಮಾನರು ದೇವರ ವೀಳ್ಯ ಎತ್ತಿದರು. ಗುರುಮನೆಯದಾಯಿತು, ನಾಡಿನದಾಯಿತು, ಅವರ ಮನೆಯದಾಯಿತು. ಆಮೇಲೆ ಉಸಿರೆಳೆದುಕೊಂಡರು. ಅವರಪ್ಪನ ಗಂಟಲು ಅವರಿಗಿಲ್ಲ, ದನಿ ಮಧ್ಯದಲ್ಲಿ ಒಡೆಯಿತು, ಆದರೂ ಕೂಗಿದರು. ಎಳೆದೇ ಕೂಗಿದರು. ಏಳಲು ನನ್ನ ಮಂಡಿ ಬಿಡಲಿಲ್ಲ, ತಂಗಿ ಹಿಂದಿನಿಂದ ಎತ್ತಿದಳು. ಎರಡೂ ಕೈ ಚಾಚಿದೆ. ಎಲೆ ಒದ್ದೆಯಾಗಿತ್ತು, ತಣ್ಣಗಿತ್ತು.

ತಮ್ಮ ಊಟಕ್ಕೆ ಕರೆಯಲು ಬಂದ. ಮುಖ ಊದಿತ್ತು, ಆದರೆ ಬಂದ. "ಈಗ್ಲಾದ್ರೂ ಉಣ್ತೀಯಾ, ಇಲ್ಲ ಈಗ್ಲೂ ಏನಾರ ಬಾಕಿ ಅದಾ?" ಎಂದ. "ಪಾಯಸ ಎರಡು ಸಲ ಹಾಕಿಸು" ಎಂದೆ. ಉಂಡೆ, ಒಂದೇ ಕೈಯಲ್ಲಿ.

ಆಮೇಲಿನ ಎಲ್ಲ ಮದುವೆಗಳಲ್ಲೂ ನಾನು ಕಂಬಳಿಯ ಮೇಲೆ ಕೂತಿದ್ದೇನೆ. ಒಮ್ಮೆ ಮರೆತವರಂತೆ ನಮ್ಮ ಮನೆ ಹಾರಿಸಿ ಮುಂದಕ್ಕೆ ಹೋದರು. ನಾನು ಕೆಮ್ಮಿದೆ, ಹಿಂದಕ್ಕೆ ಬಂದರು. ಪಕ್ಕದ ಹಾರನಹಳ್ಳಿ ಕಡೆಯಿಂದ, ಗಂಡನನ್ನು ಬಿಟ್ಟು ಬಂದು ತವರಿನಲ್ಲಿರುವ ಒಬ್ಬಾಕೆ ನನ್ನನ್ನು ಹುಡುಕಿಕೊಂಡು ಬಂದು, "ನಂಗೆ ಧಾರೆ ಎರೆದವ್ರೆ, ಆದ್ರೆ ವಾಪಸ್ ಬಂದಿವ್ನಿ, ನಂದು ಎಂಗೆ ಮಿಸ್?" ಎಂದು ಕೇಳಿದಳು. ರೂಲು ಯಾರನ್ನು ಬಿಡುತ್ತದೆ ಎಂದು ಓದು ಎಂದೆ. ಇಬ್ಬರೂ ಕೂತು ಓದುತ್ತಿದ್ದೇವೆ.

ತಂಗಿ ಹೋದ ಚಳಿಗಾಲದಲ್ಲಿ ತೀರಿಕೊಂಡಳು, ಅಲ್ಲೇ, ನ್ಯುಮೋನಿಯಾ. ಅವಳ ಸ್ಮರಣೆಯ ಸಭೆಯನ್ನು ಲ್ಯಾಪ್‌ಟಾಪಿನಲ್ಲಿ ನೋಡಿದೆ. ಟೈ ಕಟ್ಟಿದವರೊಬ್ಬರು ಅವಳು ಹಿಡಿದ ಹುದ್ದೆಗಳನ್ನೆಲ್ಲ ಓದಿದರು, ಯಾವ ಕಾನೂನು ತಿದ್ದಿದಳು, ಯಾವ ಸಮಿತಿಗೆ ಅಧ್ಯಕ್ಷೆಯಾಗಿದ್ದಳು, ಯಾವ ವರ್ಷ ಬಿರುದು ಬಂತು. ವೆರಿ ಡಿಗ್ನಿಫೈಡ್. ಒಂದು ತಪ್ಪೂ ಇರಲಿಲ್ಲ. ಹುಣಸೂರಿನ ಛತ್ರವೊಂದರಲ್ಲಿ ಕಂಬಳಿಯ ಮೇಲೆ ಕೂತು ಅವಳು ಗೆದ್ದದ್ದು ಅದರಲ್ಲಿರಲಿಲ್ಲ. ಅವರಿಗೆ ಗೊತ್ತಿಲ್ಲ, ತಪ್ಪು ಅವರದಲ್ಲ. ನಾನು ಇಲ್ಲಿ ಸೇರಿಸಿದ್ದೇನೆ. ಇದನ್ನು ಯಾರೂ ತೆಗೆಯುವ ಹಾಗಿಲ್ಲ.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಆ ಮದುವೆ ಮುಗಿದ ಮರುದಿನ, ಮನೆಯ ಮುಂದೆ. ಏರ್‌ಪೋರ್ಟಿಗೆ ಕಾರು ಬಂದಿತ್ತು. ಅವಳು ಹೊಸ್ತಿಲ ಹತ್ತಿರ ನಿಂತು ಕೈ ಚಾಚಿ, "ಕೊಡು" ಎಂದಳು.

"ಏನು?"

"ಎಲೆ. ನೀನು ರೇಷನ್ ಅಕ್ಕಿ ಥರ ಎತ್ತಿಟ್ಕಂಡಿದ್ದೀಯ ಅಂತ ಗೊತ್ತು. ಒಂದು ಕೊಡು ನಂಗೆ."

ಒದ್ದೆ ಬಾಳೆಲೆಯ ಚೂರಿನಲ್ಲಿ ಸುತ್ತಿ, ಅದರ ಮೇಲೆ ಕರ್ಚೀಫು ಸುತ್ತಿ ಕೊಟ್ಟೆ. "ಅಲ್ಲಿ ಇಳಿದಾಗ ಹಿಡಿದರೆ? ನೀನೇ ಎಷ್ಟು ಜನರದ್ದನ್ನು ಡಬ್ಬಕ್ಕೆ ಹಾಕಿಸಿದ್ದೀಯ!"

"ಇಡೀಲಿ ಬುಡು. ಅಲ್ಲಿರೋ ಅರ್ಧ ಜನಕ್ಕೆ ಟ್ರೈನಿಂಗ್ ಕೊಟ್ಟಿದ್ದು ನಾನೇ. ಎಲ್ಲಿ ಹುಡುಕಲ್ಲ ಅಂತ ನಂಗೆ ಗೊತ್ತು."

ಕಾರಿನಲ್ಲಿ ಕೂತಳು. ಬಾಗಿಲು ಹಾಕಿದೆ. ನಾನು ಗಾಜಿನ ಹತ್ತಿರ ಬಗ್ಗಿ ಏನೋ ಹೇಳಬೇಕೆಂದುಕೊಂಡೆ, ಹೋಗುವಾಗ ಹೇಳುವಂಥದ್ದು. ಅವಳು ಹ್ಯಾಂಡ್‌ಬ್ಯಾಗಿನ ಬಾಯಿ ತೆರೆದು, ಎಲೆ ನಲುಗದ ಹಾಗೆ ಪಾಸ್‌ಪೋರ್ಟಿಗೂ ಕನ್ನಡಕದ ಡಬ್ಬಿಗೂ ನಡುವೆ ಜಾಗ ಮಾಡುತ್ತಿದ್ದಳು. ಕಾರು ಬ್ಯಾರನ್ ದಾಟಿ ತಿರುಗುವವರೆಗೂ ಹಿಂದಿನ ಗಾಜಿನಲ್ಲಿ ಅವಳ ಬಗ್ಗಿದ ಬಿಳಿ ತಲೆ ಕಾಣುತ್ತಿತ್ತು. ಒಂದು ಕೈಯಲ್ಲಿ ಬ್ಯಾಗು ಹಿಡಿದಿದ್ದಳು, ಇನ್ನೊಂದು ಕೈ ಅದರೊಳಗೆ. ತಲೆ ಎತ್ತಲೇ ಇಲ್ಲ.